ಖಾಕಿ ಬೈಂಡಿನೊಳಗಿನ ಎಮ್ಮೆ

ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳು ಯಾವ ಮಕ್ಕಳ ಪುಸ್ತಕ ಕೊಟ್ಟರೂ ಅದನ್ನು ಹಿಂದಿನಿಂದ ತೆರೆಯುತ್ತಾರೆ. ಕೊನೆಯ ಪುಟದಲ್ಲಿ ನೀತಿ ಇದೆಯೋ ಇಲ್ಲವೋ ನೋಡುತ್ತಾರೆ. ಇದ್ದರೆ ಬಲಗಡೆಯ ರಾಶಿಗೆ, ಇಲ್ಲದಿದ್ದರೆ ಎಡಗಡೆಯ ರಾಶಿಗೆ. ಮದ್ದೂರಿನ ಪೇಟೆಬೀದಿಯ ಮಹಡಿಯ ಮೇಲೆ, ಕೆಳಗಿನ ಹೋಟೆಲಿನಿಂದ ಎಣ್ಣೆಯ ವಾಸನೆ ಏರಿ ಬರುವ ಆ ಕೋಣೆಯಲ್ಲಿ, ನಾನು ತಿಂಗಳುಗಟ್ಟಲೆ ಆರಿಸಿ ತಂದ ಪುಸ್ತಕಗಳು ಒಂದೊಂದಾಗಿ ಎಡಗಡೆಗೆ ಹೋಗುವುದನ್ನು ನೋಡುತ್ತಾ ಕೂತಿದ್ದೆ.

ಮದ್ದೂರು, ಮಳವಳ್ಳಿ ಕಡೆಯ ಸರ್ಕಾರಿ ಶಾಲೆಗಳಿಗೆ ಕಥೆಪುಸ್ತಕದ ಪೆಟ್ಟಿಗೆ ಕಳಿಸುವುದು ಟ್ರಸ್ಟಿನ ಕೆಲಸ. ಪೆಟ್ಟಿಗೆಯೊಳಗೆ ಏನಿರಬೇಕೆಂದು ಆರಿಸುವುದು ನನ್ನ ಕೆಲಸ. ಹೆಸರಿಗೆ ನನ್ನದು, ಅಷ್ಟೆ.

ಕಾರ್ಯದರ್ಶಿಗಳ ಕೈಗೆ ಎಮ್ಮೆಯ ಪುಸ್ತಕ ಬಂತು. ಅದೊಂದು ಚಿತ್ರಪುಸ್ತಕ. ಎಮ್ಮೆಯೊಂದಕ್ಕೆ ನೆಗಡಿಯಾಗುತ್ತದೆ. ಅದು ಸೀನಿದಾಗಲೆಲ್ಲ ಏನಾದರೊಂದು ಹಾರಿಹೋಗುತ್ತದೆ. ಹುಲ್ಲಿನ ಮೆದೆ, ಅಜ್ಜನ ಟವೆಲ್ಲು, ಪಂಚಾಯಿತಿಯ ಬೋರ್ಡು. ಊರಿನವರೆಲ್ಲ ತಲೆಗೊಂದು ಔಷಧ ಹೇಳುತ್ತಾರೆ. ಕೊನೆಗೆ ನೆಗಡಿ ತಾನಾಗಿಯೇ ವಾಸಿಯಾಗುತ್ತದೆ, ಎಮ್ಮೆ ಕೆರೆಗಿಳಿಯುತ್ತದೆ. ಅಷ್ಟೇ ಕಥೆ. ಆ ವರ್ಷ ನಾನು ನೋಡಿದ ಪುಸ್ತಕಗಳಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು ಅದು.

"ನೀತಿ ಎಲ್ಲಮ್ಮಾ?" ಎಂದರು.

ನೀತಿ ಇಲ್ಲ, ನಗು ಬರುತ್ತದೆ ಎಂದೆ.

"ನಕ್ಕೊಂಡ್ ಕುಂತ್ರೆ ಪಾಸಾಯ್ತವಾ ಐಕ್ಳು?"

ಅವರು ಕೆಟ್ಟವರಲ್ಲ. ಗದ್ದೆ ತೋಟ ನೋಡಿಕೊಂಡು ಹಾಯಾಗಿರಬಹುದಾದ ವಯಸ್ಸಿನಲ್ಲಿ ಹಳ್ಳಿಯ ಮಕ್ಕಳಿಗಾಗಿ ಓಡಾಡುವ ಮನುಷ್ಯ. ಆದರೆ ಪುಸ್ತಕವೆಂದರೆ ಅವರಿಗೆ ಕಷಾಯ. ಕಹಿಯಾಗಿದ್ದರೇ ಗುಣ. ಕಥೆಪುಸ್ತಕ ಸಾಕು, ಇನ್ನು ಮೇಲೆ ಆರು-ಏಳನೆಯವರಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆಯ ಗೈಡು ಕೊಡೋಣ ಎಂದು ಪಟ್ಟು ಹಿಡಿದರು. ನಾನೂ ಹಿಡಿದೆ. ಕೊನೆಗೆ ಒಪ್ಪಂದವಾಯಿತು. ಒಂದು ಶಾಲೆಗೆ ನನ್ನ ಆಯ್ಕೆಯ ಪೆಟ್ಟಿಗೆ ಹೋಗುವುದು. ದಸರಾ ರಜೆ ಮುಗಿದ ಮೇಲೆ ಅವರೇ ಬಂದು ನೋಡುವುದು.

"ಏಳ್ನೇ ಕ್ಲಾಸ್ನೋರು ಓದುದ್ರೆ ನಿಮ್ ಎಮ್ಮೆ. ಇಲ್ದಿದ್ರೆ ನನ್ ಗೈಡು. ಆಮೇಲೆ ಮಾತಾಡಂಗಿಲ್ಲ ಕಣಮ್ಮ," ಎಂದು ಎದ್ದರು.

ಪುಸ್ತಕ ಆರಿಸುವುದೆಂದರೆ ಕಾಲು ಚಾಚಿಕೊಂಡು ಓದುವುದು ಎಂದುಕೊಂಡವರು ಬಹಳ. ನಾನು ಮೊದಲು ಗಟ್ಟಿಯಾಗಿ ಓದುತ್ತೇನೆ. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಪೆನ್ಸಿಲ್ ಗೆರೆ. ಒಂದು ಪುಟದಲ್ಲಿ ಮೂರು ಗೆರೆ ಬಿದ್ದರೆ ಪುಸ್ತಕ ಪಕ್ಕಕ್ಕೆ. ಅನುವಾದಗಳದ್ದು ಬೇರೆಯೇ ಗೋಳು. 'ಅವಳು ತನ್ನ ಭುಜಗಳನ್ನು ಕುಣಿಸಿದಳು' ಎಂದು ಬರೆದಿರುತ್ತಾರೆ. ಮಂಡ್ಯದಲ್ಲಿ ಭುಜ ಕುಣಿಸುವವರು ತಮಟೆಯ ಮುಂದೆ ಕುಣಿಯುವವರು ಮಾತ್ರ. ಆಮೇಲೆ ಚಿತ್ರ. ನಾಟಿ ಹಾಕುವ ಹೆಂಗಸಿನ ಕಾಲಿಗೆ ಚಿತ್ರಕಾರ ಬೂಟು ತೊಡಿಸಿದ್ದರೆ ನಮ್ಮ ಮಕ್ಕಳು ಕಥೆ ಬಿಟ್ಟು ಆ ಬೂಟನ್ನೇ ಹಿಡಿದುಕೊಳ್ಳುತ್ತಾರೆ. ಆಮೇಲೆ ಪುಸ್ತಕದ ಎರಡೂ ರಟ್ಟನ್ನು ಹಿಂದಕ್ಕೆ ಮಡಿಸಿ ನೋಡುತ್ತೇನೆ. ಬರಿ ಅಂಟಿನ ಪುಸ್ತಕವಾದರೆ ಅಲ್ಲೇ ಹಾಳೆ ಕಳಚಿ ಬರುತ್ತದೆ, ನಡುವೆ ಹೊಲಿದದ್ದಾದರೆ ತಡೆದುಕೊಳ್ಳುತ್ತದೆ. ಸ್ವಲ್ಪ ದೊಡ್ಡ ಮಕ್ಕಳ ಕಾದಂಬರಿಗಳಲ್ಲಿ ಅಧ್ಯಾಯದ ಉದ್ದ ನೋಡುತ್ತೇನೆ. ಊಟದ ಬಿಡುವಿನಲ್ಲಿ ಒಂದು ಅಧ್ಯಾಯ ಮುಗಿಯಬೇಕು, ಮುಗಿದ ಕಡೆ ಮುಂದೇನಾಯಿತು ಎಂಬ ತುರಿಕೆ ಉಳಿಯಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುವುದು ಮುಖಪುಟಕ್ಕೆ. ಮಗು ಕೈ ಚಾಚುವುದೇ ಮುಖಪುಟ ನೋಡಿ ಎಂಬುದು ನನ್ನ ನಂಬಿಕೆಯಾಗಿತ್ತು. ಅದಕ್ಕಾಗಿ ಜಗಳವಾಡಿದ್ದೇನೆ. ಒಳಗೆ ಚೆನ್ನಾಗಿದ್ದೂ ಹೊರಗೆ ಮಂಕಾಗಿದ್ದ ಪುಸ್ತಕಗಳನ್ನು ಹೊಟ್ಟೆ ಉರಿಸಿಕೊಂಡು ಬಿಟ್ಟಿದ್ದೇನೆ.

ನಾವು ಆರಿಸಿದ ಶಾಲೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಇಳಿದು ಕಬ್ಬಿನ ಗದ್ದೆಗಳ ನಡುವೆ ಒಳಗೆ ನಡೆಯಬೇಕಾದ ಒಂದು ಹಳ್ಳಿಯದು. ಮುಖ್ಯಶಿಕ್ಷಕಿ ನಾನಿರುವ ಮಂಡ್ಯದಿಂದಲೇ ದಿನಾ ಬರುವವರು, ನನಗಿಂತ ಚಿಕ್ಕವರು, ಬಲು ಅಚ್ಚುಕಟ್ಟು. ಪುಸ್ತಕದ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ ಎಂದು ಮೊದಲೇ ಬೇಡಿಕೊಂಡಿದ್ದೆ. ಅವರು ಒಪ್ಪಿ, ಪೆಟ್ಟಿಗೆಯ ಜವಾಬ್ದಾರಿಯನ್ನು ಏಳನೇ ತರಗತಿಗೇ ವಹಿಸಿದರು. ನಾನು ಜಗುಲಿಯ ಉದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಪುಸ್ತಕಗಳನ್ನೆಲ್ಲ ಮುಖ ಕಾಣುವಂತೆ ನೇತುಹಾಕಿದೆ. ಶಾಲೆಗೇ ಹಬ್ಬ ಬಂದ ಹಾಗಿತ್ತು.

ಚಿಕ್ಕ ಮಕ್ಕಳು ಮುತ್ತಿಕೊಂಡವು. ಏಳನೆಯವರು ಮಾತ್ರ ದೂರ ನಿಂತರು. ಅವರ ನಡುವೆ ಎತ್ತರದ ಹುಡುಗಿಯೊಬ್ಬಳಿದ್ದಳು, ಶಾಲೆಯ ಕಬಡ್ಡಿ ತಂಡದ ನಾಯಕಿ. ಅವಳು ಎಮ್ಮೆಯ ಪುಸ್ತಕವನ್ನೇ ನೋಡುತ್ತಿದ್ದಳು. ಎರಡು ಹೆಜ್ಜೆ ಮುಂದೆ ಬಂದು ಕೈ ಎತ್ತಿದಳು. ಹಿಂದಿನಿಂದ ಅವಳ ತರಗತಿಯ ಹುಡುಗನೊಬ್ಬ, "ಅದು ನಲಿ-ಕಲಿಯೋರ್ದು ಕಣಮ್ಮಿ," ಎಂದ. ನಲಿ-ಕಲಿ ಎಂದರೆ ಒಂದರಿಂದ ಮೂರನೆಯ ತರಗತಿಯ ಮಕ್ಕಳು. ಎಲ್ಲರೂ ನಕ್ಕರು. ಹುಡುಗಿಯ ಕೈ ಪಕ್ಕಕ್ಕೆ ತಿರುಗಿ ಹಗ್ಗದಲ್ಲಿದ್ದ ಅತಿ ದಪ್ಪ ಕಾದಂಬರಿಯನ್ನು ಕಿತ್ತುಕೊಂಡಿತು. ಅದನ್ನು ಎದೆಗವಚಿಕೊಂಡು ತಲೆಯೆತ್ತಿ ನಡೆದುಹೋದಳು.

ಅವಳಿಗೆ ಓದಲು ಬರುವುದಿಲ್ಲ ಎಂದು ಮುಖ್ಯಶಿಕ್ಷಕಿ ಆಮೇಲೆ ಹೇಳಿದರು. ಅಕ್ಷರ ಕೂಡಿಸುತ್ತಾಳೆ, ಒತ್ತಕ್ಷರ ಬಂದರೆ ನಿಲ್ಲುತ್ತಾಳೆ, ಪಕ್ಕದವರು ಹೇಳಿದ್ದನ್ನು ಕೇಳಿಕೊಂಡು ಬಾಯಿಪಾಠ ಒಪ್ಪಿಸುತ್ತಾಳೆ. ಚುರುಕು ಹುಡುಗಿಯಾದ್ದರಿಂದ ಇಷ್ಟು ವರ್ಷ ಯಾರಿಗೂ ತಿಳಿಯದ ಹಾಗೆ ದೂಡಿಕೊಂಡು ಬಂದಿದ್ದಾಳೆ. ಮುಂದಿನ ವರ್ಷ ಮದ್ದೂರಿನ ಹೈಸ್ಕೂಲು. "ಅಲ್ಲಿ ಮೊದಲ್ನೇ ತಿಂಗಳೇ ಎಲ್ರ ಮುಂದೆ ಎದ್ದು ಓದು ಅಂತಾರೆ ಮೇಡಂ. ಒಂದಿನ ನಗ್ತಾರೆ, ಎರಡ್ ದಿನ ನಗ್ತಾರೆ. ಮೂರ್ನೇ ದಿನ ಇವಳು ಹೋಗಲ್ಲ. ಹಂಗೆ ನಿಂತೋದೋರ್ನ ನೋಡಿದೀನಿ," ಎಂದರು. ಅಂದಿನಿಂದ ನನಗೆ ಕಾರ್ಯದರ್ಶಿಗಳ ಗೈಡಿಗಿಂತ ಆ ಹುಡುಗಿಯದೇ ಚಿಂತೆ ಹತ್ತಿತು.

ಅವಳಿಗೆ ಬೇಕಾಗಿದ್ದದ್ದು ಸ್ಪಷ್ಟವಾಗಿತ್ತು. ಪುಟಕ್ಕೆ ಎರಡು ಮೂರು ಸಾಲು, ಅರ್ಥ ಹಿಡಿಯಲು ಪಕ್ಕದಲ್ಲೇ ಚಿತ್ರ, ನಗಿಸುವ ಕಥೆ. ಅಂಥವೆಲ್ಲ ಕಣ್ಣೆದುರೇ ನೇತಾಡುತ್ತಿದ್ದವು. ಅವನ್ನು ಮುಟ್ಟಿದರೆ ಮಾನ ಹೋಗುತ್ತದೆ. ಮುಟ್ಟಿದರೆ ಮಾನ ಉಳಿಯುವಂಥವನ್ನು ಓದಲಾಗುವುದಿಲ್ಲ.

ನಾನು ಮಾಡದ ಪ್ರಯತ್ನವಿಲ್ಲ. ಇವು ಚಿಕ್ಕವರ ಪುಸ್ತಕಗಳಲ್ಲ ಎಂದು ಏಳನೆಯವರ ಮುಂದೆ ಭಾಷಣ ಮಾಡಿದೆ, ಇದ್ದ ಅನುಮಾನವೂ ಗಟ್ಟಿಯಾಯಿತು. ಎಮ್ಮೆಯ ಕಥೆಯ ಮೊದಲ ನಾಲ್ಕು ಪುಟ ನಾನೇ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು, ಆದರೆ ಮುಂದಿನದನ್ನು ಓದಲು ಒಬ್ಬರೂ ಪುಸ್ತಕ ಕೇಳಲಿಲ್ಲ. ತೆಳುವಾದ ಸಣ್ಣ ಕಾದಂಬರಿಗಳನ್ನು ತಂದಿಟ್ಟೆ, ಹತ್ತನೆಯ ಪುಟ ದಾಟಿದವರಿಲ್ಲ. ಕಬಡ್ಡಿ ಹುಡುಗಿ ತನ್ನ ದಪ್ಪ ಕಾದಂಬರಿಯನ್ನು ದಿನಾ ತರುತ್ತಿದ್ದಳು, ದಿನಾ ಒಯ್ಯುತ್ತಿದ್ದಳು. ಒಳಗಿಟ್ಟಿದ್ದ ನವಿಲುಗರಿ ಮೊದಲ ಅಧ್ಯಾಯ ಬಿಟ್ಟು ಕದಲಲಿಲ್ಲ. ಬಸ್ಸಿನಲ್ಲಿ ಮಂಡ್ಯಕ್ಕೆ ಮರಳುವಾಗ, ಇಷ್ಟು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ದಸರಾ ರಜೆ ಬಂತು. ರಜೆ ಮುಗಿದರೂ ಹನಕೆರೆ ಕಡೆಯ ಶಾಲೆಗಳ ಕೆಲಸದಲ್ಲಿ ಸಿಕ್ಕಿಕೊಂಡು ನಾನು ಕೂಡಲೇ ಆ ಶಾಲೆಗೆ ಹೋಗಲಾಗಲಿಲ್ಲ. ಒಂದು ಬೆಳಿಗ್ಗೆ ಮುಖ್ಯಶಿಕ್ಷಕಿಯಿಂದ ಮೊಬೈಲಿಗೆ ಫೋಟೊ ಬಂತು. ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ ಖಾಕಿ ಬಣ್ಣದ ಕಟ್ಟುಗಳು. ಇಟ್ಟಿಗೆ ಗೂಡಿನ ಫೋಟೊ ಯಾಕೆ ಕಳಿಸಿದರು ಎಂದುಕೊಂಡೆ. ಕೆಳಗೆ ಬರೆದಿತ್ತು: 'ಎಲ್ಲಾ ಪುಸ್ತಕಗಳಿಗೂ ಬೈಂಡ್ ಹಾಕಿದ್ದೇವೆ ಮೇಡಂ.'

ಕಾಫಿ ಲೋಟ ಅಲ್ಲೇ ಬಿಟ್ಟು ಬಸ್ಸು ಹಿಡಿದೆ.

ಜಗುಲಿಯ ಹಗ್ಗ ಬರಿದಾಗಿತ್ತು. ಜೂನ್ ತಿಂಗಳಲ್ಲಿ ಪಠ್ಯಪುಸ್ತಕಕ್ಕೆ ಹಾಕುವಂತೆ ಪ್ರತಿಯೊಂದು ಪುಸ್ತಕಕ್ಕೂ ಖಾಕಿ ಕಾಗದದ ಬೈಂಡು. ಅದರ ಮೇಲೆ ಅಂಗಡಿಯಲ್ಲಿ ಸಿಗುವ ಲೇಬಲ್ಲು. ಹೆಸರು ಎಂಬ ಕಡೆ ಏನೂ ಇಲ್ಲ. ವಿಷಯ ಎಂಬ ಕಡೆ 'ಕಥೆ'. ಪೆಟ್ಟಿಗೆ ಏಳನೆಯವರದ್ದಾದ್ದರಿಂದ ತರಗತಿ ಎಂಬ ಕಡೆ ಎಲ್ಲದಕ್ಕೂ ೭. ದುಂಡಗಿನ ಅಕ್ಷರ, ಒಂದೂ ಸೊಟ್ಟಗಿಲ್ಲ. ನನ್ನ ಹುಲಿ, ನನ್ನ ನವಿಲು, ನನ್ನ ಎಮ್ಮೆ, ಎಲ್ಲವೂ ಒಂದೇ ಬಣ್ಣದ ಅಂಗಿ ತೊಟ್ಟು ಕವಾಯತಿಗೆ ನಿಂತಿದ್ದವು.

ಬೈಂಡ್ ಬಿಚ್ಚಿದರಾಯಿತು ಎಂದು ಒಂದನ್ನು ಕೈಗೆತ್ತಿಕೊಂಡೆ. ಬಿಚ್ಚಲು ಬರಲಿಲ್ಲ. ಬರಿ ಮಡಿಸಿದರೆ ಮಕ್ಕಳ ಕೈಯಲ್ಲಿ ಜಾರಿ ಬರುತ್ತದೆ ಎಂದು ಮೈದಾ ಹಿಟ್ಟು ಕಾಯಿಸಿ, ಅಂಟು ಮಾಡಿ, ಮುಖಪುಟದ ಮೈಗೇ ಬಳಿದು ಅಂಟಿಸಿದ್ದರು. ಮುಖ್ಯಶಿಕ್ಷಕಿ ರಜೆಯಲ್ಲಿ ಎರಡು ದಿನ ಅದಕ್ಕೆಂದೇ ಬಂದು ಕೂತಿದ್ದರಂತೆ. ನಾನು ಒದ್ದೆ ಬಟ್ಟೆ ಒತ್ತಿ, ಉಗುರು ತೂರಿಸಿ ಎಳೆದೆ. ಹುಲಿಯ ಮುಖ ಖಾಕಿ ಕಾಗದದ ಜೊತೆಗೇ ಕಿತ್ತು ಬಂತು.

ಪಿತ್ತ ನೆತ್ತಿಗೇರಿತು. ಪುಸ್ತಕಗಳಿಗೆ ಹೆಣದ ಬಟ್ಟೆ ಹೊದಿಸಿದ್ದೀರಿ ಎಂದುಬಿಟ್ಟೆ. ಅಂದ ಮೇಲೆ ಮಾತು ಸ್ವಲ್ಪ ದೊಡ್ಡದಾಯಿತು ಅನ್ನಿಸಿತು, ಆದರೆ ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಮುಖ್ಯಶಿಕ್ಷಕಿಯ ಕಣ್ಣು ತುಂಬಿತು. "ಪುಸ್ತಕಕ್ಕೆ ಬೈಂಡ್ ಹಾಕ್ದೆ ಮಕ್ಳ ಕೈಗೆ ಕೊಡ್ತಾರಾ ಮೇಡಂ ಯಾರಾದ್ರೂ? ನಿಮ್ಮನೇಲಿ ಹಾಕ್ತಿರ್ಲಿಲ್ವಾ?" ಎಂದರು.

ಹಾಕುತ್ತಿದ್ದರು. ನಮ್ಮಪ್ಪ ಪ್ರತಿ ಜೂನಿನಲ್ಲೂ ನೆಲದ ಮೇಲೆ ಕಾಗದ ಹರಡಿಕೊಂಡು ಕೂರುತ್ತಿದ್ದ. ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ನಮ್ಮ ಕಡೆ ಇಲ್ಲ. ಅದು ಗೊತ್ತಿದ್ದರಿಂದಲೇ ನನಗೆ ಇನ್ನಷ್ಟು ಉರಿಯಿತು. ಸಿಟ್ಟು ಮಾಡಿಕೊಳ್ಳಲು ನೆಟ್ಟಗೆ ಒಂದು ತಪ್ಪಾದರೂ ಸಿಗಬೇಡವೇ?

ಕಾರ್ಯದರ್ಶಿಗಳಿಗೆ ಫೋನು ಮಾಡಿ, ಇನ್ನೊಂದು ವಾರ ಬಿಟ್ಟು ಬನ್ನಿ ಎಂದೆ. ಯಾಕೆ ಎಂದು ಕೇಳಲೂ ಇಲ್ಲ. ಆಗಲೇ ಕಾರು ಹೇಳಿಯಾಗಿದೆ, ನಾಳಿದ್ದೇ ಬರುವುದು ಎಂದು ಫೋನು ಇಟ್ಟರು. ಸರಿ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮಂಡ್ಯಕ್ಕೆ ಒಯ್ದು ಆವಿ ಹಿಡಿಸಿಯಾದರೂ ಬಿಡಿಸುತ್ತೇನೆ, ಆಗದಿದ್ದರೆ ಹೊಸ ಪ್ರತಿಗಳನ್ನೇ ತರಿಸುತ್ತೇನೆ ಎಂದು ತೀರ್ಮಾನಿಸಿದೆ. ಚೀಲ ತುಂಬುವಾಗ ಒಂದು ಪುಸ್ತಕ ಕಡಿಮೆ ಬಂತು. ಯಾವುದೆಂದು ಹೇಳುವುದು ಹೇಗೆ? ಎಲ್ಲದರ ಮೈಮೇಲೂ ಕಥೆ, ಏಳು.

ಹುಡುಕುತ್ತಾ ಬಿಸಿಯೂಟದ ಅಡುಗೆಮನೆಯ ಹಿಂದಕ್ಕೆ ಹೋದೆ. ಗೋಡೆಯ ಆಚೆಯಿಂದ ಓದುವ ದನಿ ಕೇಳಿಸಿತು. ಅಕ್ಷರಕ್ಕೆ ಅಕ್ಷರ ಕೂಡಿಸಿ, ನಿಂತು, ಹಿಂದಕ್ಕೆ ಹೋಗಿ, ಮತ್ತೆ ಹಿಡಿದು ಓದುವ ದನಿ. "ಎಮ್... ಎಮ್ಮೆ ಸೀನಿತು. ಅ...ಜ್ಜ... ಅಜ್ಜನ ಟವ... ಟವೆಲ್ಲು..." ಆಮೇಲೆ ಮೂವರ ನಗು. ಬಗ್ಗಿ ನೋಡಿದೆ. ನಡುವೆ ಕಬಡ್ಡಿ ಹುಡುಗಿ, ಎರಡೂ ಪಕ್ಕ ಇಬ್ಬರು. ಒಬ್ಬ ನಲಿ-ಕಲಿಯೋರದು ಎಂದಿದ್ದ ಅದೇ ಹುಡುಗ. ಅವನು ಹೇಳಿಕೊಡಲು ಬಾಯಿ ತೆರೆದರೆ ಅವಳು ಮೊಣಕೈಯಲ್ಲಿ ತಿವಿದು ಸುಮ್ಮನಾಗಿಸುತ್ತಿದ್ದಳು. ತಾನೇ ಓದಬೇಕು ಅವಳಿಗೆ.

ನನ್ನನ್ನು ಕಂಡು ಪುಸ್ತಕ ಮುಚ್ಚಿದಳು. ಯಾವ ಪುಸ್ತಕ ಅದು ಎಂದು ಕೇಳಿದೆ.

"ಏಳ್ನೇ ಕ್ಲಾಸಿಂದೇ ಮಿಸ್," ಎಂದು ಲೇಬಲ್ಲಿನ ಮೇಲೆ ಬೆರಳಿಟ್ಟು ತೋರಿಸಿದಳು. "ನೋಡಿ, ಇಲ್ಲೇ ಬರ್ದವ್ರೆ."

ನನ್ನ ಕೈಯಲ್ಲಿದ್ದ ಚೀಲವನ್ನು ಆಗ ನೋಡಿದಳು. ಮುಖ ಸಣ್ಣದಾಯಿತು.

"ತಕ್ಕೊಂಡ್ ಓಯ್ತೀರಾ ಮಿಸ್? ಇನ್ನೂ ಮುಗ್ದಿಲ್ಲ."

ಎಷ್ಟು ದಿನ ಆ ಮುಖಪುಟವನ್ನು ಅವಳ ಕಣ್ಣಮುಂದೆ ನೇತುಹಾಕಿದ್ದೆ. ಅದನ್ನು ಮುಚ್ಚಿದ ಮೇಲೆ ಅವಳು ಓದಿದಳು. ಸಂತೋಷವಾಯಿತೇ ಎಂದರೆ, ಆಯಿತು. ಆದರೆ ಮೊದಲು ಬಂದದ್ದು ಸಿಟ್ಟು, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಹನ್ನೆರಡು ವರ್ಷದ ಹುಡುಗಿ ಒಂದು ಎಮ್ಮೆಯ ಕಥೆಗೆ ನಗಬೇಕಾದರೂ ಮೇಲೊಂದು ಅಂಕಿಯ ಅಪ್ಪಣೆ ಬೇಕೇ?

ಮುಗಿಸು ಎಂದು ಹೇಳಿ ಹಿಂತಿರುಗಿದೆ. ಚೀಲವನ್ನು ಮುಖ್ಯಶಿಕ್ಷಕಿಯ ಮೇಜಿನ ಮೇಲೆ ಸುರಿದು, ಖಾಕಿ ಕಾಗದ ಉಳಿದಿದೆಯೇ ಎಂದು ಕೇಳಿದೆ. ಮುಖ ಕಿತ್ತುಹೋದ ಹುಲಿಗೆ ನಾನೇ ಹೊಸ ಬೈಂಡ್ ಹಾಕಿದೆ. ಅವರು ಲೇಬಲ್ ಬರೆದುಕೊಟ್ಟರು. ಕಂಡದ್ದನ್ನು ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ಆಮೇಲೆ, ಈ ಗುಟ್ಟು ಹೊರಗೆ ಬೀಳಬಾರದು ಎಂದರು.

ಇನ್ನು ಹೆದರಿಕೆ ಕಾರ್ಯದರ್ಶಿಗಳದ್ದು. ನೇರ ಮಾತಿನ ಮನುಷ್ಯ. ಏಳನೆಯವರ ಎದುರು ಅವರು ಆ ಪುಸ್ತಕ ತೆರೆದು, ಇದು ಚಿಕ್ಕಮಕ್ಕಳದ್ದಲ್ಲವೇ ಎಂದು ಒಂದು ಮಾತು ಆಡಿದರೆ ಸಾಕು. ಆ ಹುಡುಗಿ ಮತ್ತೆಂದೂ ಪುಸ್ತಕ ಮುಟ್ಟುವುದಿಲ್ಲ. ಮೊದಲೇ ಹೇಳಿಬಿಡೋಣವೆಂದು ಮರುದಿನ ಎರಡು ಸಲ ಫೋನು ಮಾಡಿದೆ. ಎರಡು ಸಲವೂ, ಬರುತ್ತೇನಲ್ಲ, ಅಲ್ಲೇ ಹೇಳಿ ಎಂದರು. ಬಂದವರು ಕಾರಿನಿಂದ ಇಳಿದು ನೇರ ತರಗತಿಗೇ ನಡೆದರು.

ಬೈಂಡ್ ನೋಡಿ ಅವರಿಗೆ ಬಲು ಖುಷಿಯಾಯಿತು. ಪುಸ್ತಕ ಇಟ್ಟುಕೊಳ್ಳುವುದೆಂದರೆ ಹೀಗೆ ಎಂದು ಹೊಗಳಿದರು. ಮುಖ್ಯಶಿಕ್ಷಕಿ ನನ್ನ ಕಡೆ ನೋಡಲಿಲ್ಲ. ಕಾರ್ಯದರ್ಶಿಗಳು ಅವರಿವರನ್ನು ಮಾತಾಡಿಸಿ, ಕೊನೆಗೆ ಎಲ್ಲರಿಗಿಂತ ಎತ್ತರವಿದ್ದವಳನ್ನೇ ಎಬ್ಬಿಸಿ, ಏನು ಓದುತ್ತಿದ್ದೀಯೋ ಅದನ್ನು ಓದು ಎಂದರು.

ಅವಳು ಎದ್ದಳು. ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದುಕೊಂಡು ಓದಿದಳು. ನಿಧಾನವಾಗಿ, ಆದರೆ ಒಂದು ಅಕ್ಷರ ನುಂಗದೆ. ಪಂಚಾಯಿತಿಯ ಬೋರ್ಡು ಹಾರಿಹೋದ ಪುಟ ಮುಗಿಸಿದಳು. ಯಾರೂ ಹೇಳಿಕೊಡಲಿಲ್ಲ.

ಕಾರ್ಯದರ್ಶಿಗಳು ಕೈ ಚಾಚಿ ಪುಸ್ತಕ ತೆಗೆದುಕೊಂಡರು. ಅಭ್ಯಾಸದಂತೆ ಹಿಂದಿನಿಂದ ತೆರೆದರು. ಎರಡು ಪುಟದ ತುಂಬ ಕೆರೆ, ಕೆರೆಯ ತುಂಬ ಎಮ್ಮೆ. ಹುಬ್ಬೇರಿಸಿ ನನ್ನತ್ತ ತಿರುಗಿದರು.

"ಇದು ಅವತ್ತಿನ ಆ ಚಿಕ್ಕ..."

"ಏಳ್ನೇ ಕ್ಲಾಸಿನ ಪುಸ್ತಕ ಸಾರ್," ಎಂದರು ಮುಖ್ಯಶಿಕ್ಷಕಿ. ಅವರು ಯಾರ ಮಾತಿಗೂ ಅಡ್ಡ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕಾರ್ಯದರ್ಶಿಗಳು ಪುಸ್ತಕ ಮುಚ್ಚಿ ಲೇಬಲ್ ನೋಡಿದರು. ಆಮೇಲೆ ಹುಡುಗಿಯನ್ನು ನೋಡಿದರು. ಅವಳ ಕಿವಿ ಕೆಂಪಾಗಿತ್ತು, ಆದರೆ ತಲೆ ತಗ್ಗಿಸಿರಲಿಲ್ಲ.

"ನೀತಿ ಏನವ್ವ ಇದ್ರಾಗೆ?"

"ನೀತಿ ಗೀತಿ ಏನಿಲ್ಲ ಸಾ. ಎಮ್ಮೆಗೆ ನೆಗಡಿ ಬತ್ತದೆ, ಓಯ್ತದೆ."

ಅವರು ಪುಸ್ತಕವನ್ನು ಅವಳ ಕೈಗೆ ಕೊಟ್ಟು, "ಊಂ. ಏಳ್ನೇ ಕ್ಲಾಸಿಂದೇ," ಎಂದರು. ಆ ಮನುಷ್ಯನನ್ನು ಅದೊಂದು ಮಾತಿಗಾಗಿ ನಾನು ಎಷ್ಟೋ ಸಲ ಕ್ಷಮಿಸಿದ್ದೇನೆ.

ಕ್ಷಮಿಸುವ ಅಗತ್ಯ ಅಂದೇ ಬಿತ್ತು. ಗೇಟಿನ ಹತ್ತಿರ ಬಂದು, ಎಮ್ಮೆಯೂ ಇರಲಿ, ಗೈಡೂ ಇರಲಿ, ಪೆಟ್ಟಿಗೆಯಲ್ಲಿ ಅರ್ಧ ಅರ್ಧ ಎಂದರು. ಓದಿದರೆ ಪೂರ್ತಿ ನನ್ನದು ಎಂದಲ್ಲವೇ ಮಾತಾಗಿದ್ದದ್ದು ಎಂದು ಕೇಳಿದೆ. ಆ ಮಕ್ಕಳು ಪರೀಕ್ಷೆಯನ್ನೂ ಬರೆಯಬೇಕಲ್ಲಮ್ಮ ಎಂದು ಕಾರು ಹತ್ತಿದರು. ಇನ್ನೊಂದು ಅಪ್ಪಣೆಯೂ ಆಯಿತು. ಎಲ್ಲ ಶಾಲೆಯ ಪುಸ್ತಕಗಳಿಗೂ ಇದೇ ರೀತಿ ಖಾಕಿ ಬೈಂಡ್ ಹಾಕಿಸಿ ಎಂದರು. ನೋಡಲು ಲಕ್ಷಣವಾಗಿರುತ್ತದಂತೆ. ಯಾಕೆ ಹಾಕಬೇಕು ಎಂಬುದು ಅವರಿಗೆ ಎಷ್ಟು ಅರ್ಥವಾಗಿತ್ತೋ ನನಗೆ ಇವತ್ತಿಗೂ ತಿಳಿಯದು.

ನಾನು ಬಸ್ಸಿನ ಕಡೆ ಹೊರಟಾಗ ಕಬಡ್ಡಿ ಹುಡುಗಿ ಹಿಂದಿನಿಂದ ಓಡಿ ಬಂದಳು. ಎಮ್ಮೆ ಮುಗಿಯಿತಂತೆ. ಆ ದಪ್ಪ ಕಾದಂಬರಿಯನ್ನು ಪೆಟ್ಟಿಗೆಯಲ್ಲೇ ಇಟ್ಟುಬಿಟ್ಟಿದ್ದಾಳಂತೆ, ಬೇಕಾದವರು ಓದಲಿ ಎಂದು. ಇಷ್ಟು ಹೇಳಿಯೂ ಹೋಗಲಿಲ್ಲ. ಇನ್ನೇನೋ ಇತ್ತು.

"ಮಿಸ್, ಎಂಟ್ನೇ ಕ್ಲಾಸಿಂದು ಇಂಗೇ ಬತ್ತದಾ?"

ಬರುತ್ತದೆ ಎಂದೆ.

ಮನೆಗೆ ಬಂದು ನನ್ನ ಕಪಾಟು ತೆರೆದೆ. ಎಮ್ಮೆ ಬಿಟ್ಟರೆ ನನಗೆ ಅತಿ ಇಷ್ಟವಾದ ಚಿತ್ರಪುಸ್ತಕ ತೆಗೆದೆ. ಮೋಟು ಬಾಲದ ಕೋತಿಯೊಂದು ರೈಲಿನ ಮೇಲೆ ಕೂತು ಊರು ನೋಡಲು ಹೊರಟ ಮುಖಪುಟ, ಹಿಂದೆ ಹಳದಿ ಆಕಾಶ. ಆ ಹಳದಿಗಾಗಿಯೇ ಆ ಪುಸ್ತಕವನ್ನು ಆರಿಸಿದ್ದೆ. ಒಲೆಯ ಮೇಲೆ ಮೈದಾ ಅಂಟು ಕಾಯಿಸಿದೆ, ಖಾಕಿ ಕಾಗದ ಅಳತೆಗೆ ಕತ್ತರಿಸಿದೆ. ಕೋತಿಯ ಮುಖದ ಮೇಲೆ ಕುಂಚ ಎಳೆಯಲು ಸ್ವಲ್ಪ ಹೊತ್ತು ಕೈ ಬರಲಿಲ್ಲ. ಆಮೇಲೆ ಎಳೆದೆ. ಕಾಗದ ಕೂರಿಸಿ, ಮೂಲೆ ಮಡಿಸಿ, ಲೇಬಲ್ ಹಚ್ಚಿ, ತರಗತಿ ಎಂದಿದ್ದ ಕಡೆ ದುಂಡಗೆ ೮ ಎಂದು ಬರೆದೆ.